ಗೋಡೆಗೆ ಹೇಳದೆ ಉಳಿದದ್ದು

ಮಣ್ಣು ತುಳಿಯುತ್ತಿದ್ದ ಗಟ್ಟಿಗೈಯಮ್ಮ ಬಾಯಿ ತೆರೆದಳು. ದನಿ ಹೊರಡಲಿಲ್ಲ. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಹೊಟ್ಟು ಬೆರೆಸಿದ ಕೆಸರನ್ನು ಹಿಮ್ಮಡಿಯಿಂದ ಒತ್ತುತ್ತ ಮತ್ತೊಮ್ಮೆ ನೋಡಿದಳು. ಉಸಿರು ಬಂತೇ ಹೊರತು ಮಾತು ಬರಲಿಲ್ಲ. ನಿನ್ನೆಯಿಂದ ಕೆರೆಯುತ್ತಿದ್ದ ಗಂಟಲು ಬೆಳಗಾಗುವುದರೊಳಗೆ ಪೂರಾ ಕಟ್ಟಿಹೋಗಿತ್ತು.

ಬೇರೆ ಊರಾಗಿದ್ದರೆ ಅದೇನು ದೊಡ್ಡ ಸಂಗತಿಯಲ್ಲ. ಈ ಊರಿನಲ್ಲಿ ಗೋಡೆ ಮೆತ್ತುವವಳಿಗೆ ಸೊಂಟ ಹಿಡಿದರೂ ನಡೆದೀತು, ದನಿ ಹೋಗುವಂತಿಲ್ಲ. ಊರನ್ನು ಸುತ್ತುಹಾಕಿದ್ದ ಕೋಟೆಗೋಡೆಯಲ್ಲಿ ಕಲ್ಲೆಂಬುದೇ ಇರಲಿಲ್ಲ. ಇದ್ದದ್ದು ಮಣ್ಣು, ಹೊಟ್ಟು, ನೀರು, ಮತ್ತೆ ಹೆಂಗಸರ ಸಿಟ್ಟು. ಮನೆಗೊಂದು ಪಾಲು. ಬೆಳಿಗ್ಗೆ ಎದ್ದು ಹೆಂಗಸರು ತಮ್ಮ ಪಾಲಿನ ಮುಂದೆ ಮಣ್ಣು ತುಳಿದು, ಉಂಡೆ ಮಾಡಿ, ಒಂದೊಂದು ಉಂಡೆಗೂ ತಮ್ಮ ಹೊಟ್ಟೆ ಉರಿಸಿದ ಒಂದೊಂದು ಸಂಗತಿಯನ್ನು ಗಟ್ಟಿಯಾಗಿ ಹೇಳಿ ಗೋಡೆಗೆ ಬಡಿಯಬೇಕು. ಹೇಳಿದ್ದೆಲ್ಲ ಮಣ್ಣಿಗಿಳಿದು ಮಣ್ಣು ಕಬ್ಬಿಣವಾಗುತ್ತಿತ್ತು. ಹೇಳಿದವಳ ಎದೆ ಖಾಲಿಯಾಗುತ್ತಿತ್ತು. ಮರೆವಲ್ಲ ಅದು, ಸಂಗತಿಯೆಲ್ಲ ನೆನಪಿರುತ್ತಿತ್ತು. ಅದರ ಕಾವು ಮಾತ್ರ ಇರುತ್ತಿರಲಿಲ್ಲ. ಗಂಡ ಕೈಯೆತ್ತಿದ್ದು, ನಾದಿನಿ ಹಂಗಿಸಿದ್ದು, ಮಕ್ಕಳು ಎದುರುತ್ತರ ಕೊಟ್ಟದ್ದು, ಎಲ್ಲವೂ ಪಕ್ಕದ ಬೀದಿಯ ಯಾರದೋ ಸುದ್ದಿಯಂತೆ ತಣ್ಣಗಾಗಿಬಿಡುತ್ತಿತ್ತು.

ಪಿಸುಗುಟ್ಟಿದರೆ ಮಣ್ಣಿಗೆ ಕೇಳಿಸದು. ಹಾಗೆಂದು ಪಕ್ಕದವಳು ಹೇಳುವುದಕ್ಕೆ ಕಿವಿಗೊಡುವುದು ಮಹಾ ಅಮರ್ಯಾದೆ. ಹೀಗಾಗಿ ಬೆಳಗಿನ ಹೊತ್ತು ಗೋಡೆಯುದ್ದಕ್ಕೂ ಎಲ್ಲರೂ ಗಂಟಲು ಹರಿಯುವಂತೆ ಕೂಗುತ್ತಿದ್ದರು, ಯಾರೂ ಯಾರದನ್ನೂ ಕೇಳುತ್ತಿರಲಿಲ್ಲ.

ಗಟ್ಟಿಗೈಯಮ್ಮನ ಪಾಲಿಗೆ ಮೊಳೆ ಹೊಡೆದರೆ ಮೊಳೆಯೇ ಬಾಗುತ್ತಿತ್ತು. ಆ ಹೆಸರು ಬಂದದ್ದು ಹಾಗೆ.

ಪಕ್ಕದ ಪಾಲಿನ ದರ್ಜಿ ಹೆಂಗಸು ಕೈಯಲ್ಲಿ ಉಂಡೆ ಹಿಡಿದುಕೊಂಡೇ ತಿರುಗಿ ನೋಡಿದಳು. “ಏನಕ್ಕಾ, ಇವತ್ತು ನಿಮ್ಮನೇಲಿ ಎಲ್ಲರೂ ಒಳ್ಳೆಯವರಾಗ್ಬಿಟ್ರಾ?”

ಗಟ್ಟಿಗೈಯಮ್ಮ ಗಂಟಲು ತೋರಿಸಿದಳು.

ಹಾಗಿದ್ದರೆ ಮನೆಗೆ ಹೋಗಿ ಬಿಸಿನೀರು ಕುಡಿದು ಮಲಗು ಎಂದಳು ದರ್ಜಿ. ಮಾತಿಲ್ಲದ ಮಣ್ಣು ಬಿಸಿಲೇರುವಷ್ಟರಲ್ಲಿ ಉದುರುತ್ತದೆ, ಆಮೇಲೆ ನಿನ್ನ ಮೈದುನನ ಕೈಲಿ ಅನ್ನಿಸಿಕೊಳ್ಳಬೇಕಾಗುತ್ತದೆ ಎಂದೂ ಸೇರಿಸಿ, ತನ್ನ ಉಂಡೆಗೆ ತನ್ನ ಗಂಡನ ವಿಚಾರ ಏನೋ ಕಿರುಚಿ ಗೋಡೆಗೆ ಬಡಿದಳು.

ಗಟ್ಟಿಗೈಯಮ್ಮ ಕಾಲು ತೊಳೆದುಕೊಂಡಳು. ಮೆತ್ತದೆ ಮನೆಗೆ ಹೊರಟದ್ದು ಅವಳಿಗೆ ನೆನಪಿದ್ದಂತೆ ಅದೇ ಮೊದಲು. ಎದೆಯೊಳಗಿನದೆಲ್ಲ ಎದೆಯೊಳಗೇ ಇತ್ತು. ಬೀದಿ ತಿರುವಿನಲ್ಲಿ ಕುಂಬಾರನ ಗಾಡಿ ಅರ್ಧ ದಾರಿಗೆ ಅಡ್ಡ ನಿಂತಿತ್ತು. ಅದು ಎಂದೂ ಹಾಗೇ ನಿಲ್ಲುತ್ತಿತ್ತು, ಅವಳು ಎಂದೂ ಗೋಡೆಗೆ ಮೈ ಸವರಿಕೊಂಡು ದಾಟುತ್ತಿದ್ದಳು. ಇವತ್ತು ಗಾಡಿಯ ಮೂಕಿ ಹಿಡಿದು ಪಕ್ಕಕ್ಕೆ ಎಳೆದು ಬಿಸಾಡಿದಳು. ಮೇಲಿದ್ದ ಮಡಕೆಗಳು ಕಟಕಟ ಎಂದವು. ಕುಂಬಾರ ಬಾಗಿಲಿಗೆ ಬಂದವನು ಅವಳ ಮುಖ ನೋಡಿ ಹಾಗೇ ಒಳಗೆ ಹೋದ.

ಮನೆಯಲ್ಲೂ ಅದೇ ಕತೆ. ಕೀಲಿಲ್ಲದ ಬಾಗಿಲು, ಹೊಗೆ ಕಾರುವ ಒಲೆ, ಮುಚ್ಚಳ ಕೂರದ ನೀರಿನ ಪಾತ್ರೆ. ಇವೆಲ್ಲ ಇಷ್ಟು ವರ್ಷ ಹೀಗೇ ಇದ್ದವೇ? ಇದ್ದವು. ಹೇಗೆ ಸಹಿಸಿಕೊಂಡಿದ್ದೆ ಎಂದು ಅವಳಿಗೇ ತಿಳಿಯಲಿಲ್ಲ. ಮುಚ್ಚಳವನ್ನು ಅಂಗಳಕ್ಕೆ ಎಸೆದಳು. ಅದು ಉರುಳಿಕೊಂಡು ಹೋಗಿ, ತರಕಾರಿ ಹೆಚ್ಚುತ್ತಿದ್ದ ಸೊಸೆಯ ಮುಂದೆ ಗಿರಗಿರ ತಿರುಗಿ ಮಲಗಿತು.

“ಅತ್ತೆ, ನನ್ನ ಮೇಲೇನಾದ್ರೂ ಸಿಟ್ಟಾ?” ಎಂದಳು ಸೊಸೆ, ಕೈಯ ಚಾಕು ಮೆಲ್ಲಗೆ ಕೆಳಗಿಡುತ್ತ.

ಅಲ್ಲವೆಂದು ಗಟ್ಟಿಗೈಯಮ್ಮ ತಲೆಯಾಡಿಸಿದಳು. ಸೊಸೆ ಉಪ್ಪು ಹಾಕಿದ ಬಿಸಿನೀರು ತಂದು ಕೊಟ್ಟು, ಮೆತ್ತುವುದು ಬಿಟ್ಟು ಬಂದಿರೇ ಎಂದು ಕೇಳಿ, ಅತ್ತೆಯಿಂದ ಒಂದು ಮಾರು ದೂರದಲ್ಲೇ ಕೂತಳು. ಬಿಸಿನೀರಿನಿಂದ ಬಾಯಿ ಮುಕ್ಕಳಿಸಿದಂತೆಲ್ಲ ಗಂಟಲಿನಿಂದ ತುಕ್ಕು ಹಿಡಿದ ಕೀಲಿನಂಥ ಒಂದು ಸದ್ದು ಹೊರಡತೊಡಗಿತು.

ಮೆತ್ತುವ ಹೊತ್ತು ಮುಗಿದು ಹೆಂಗಸರೆಲ್ಲ ಮನೆ ಸೇರಿದ ಮೇಲೆ ಅವಳ ಮೈದುನ ಬಂದ. ಅವನು ಈ ಊರಿನ ಬಾಗಿಲ ಯಜಮಾನ. ಹೆಬ್ಬಾಗಿಲಿನ ಬೀಗದಕೈ ಸೊಂಟದಲ್ಲಿ ಝಣಝಣ ಎನ್ನುತ್ತಿದ್ದುದರಿಂದ ಆಳಿಗಿಂತ ಮುಂಚೆ ಸದ್ದು ಬರುತ್ತಿತ್ತು. ಹೇಳದೆ ಕೇಳದೆ ಜಗಲಿಯ ಮೇಲೆ ಕೂತು, ತೊಡೆ ತಟ್ಟಿಕೊಳ್ಳುತ್ತ, ಅತ್ತಿಗೆಯ ಕೈಗುಣದ ಬಗ್ಗೆ ನಾಲ್ಕು ಮಾತು ಹೊಗಳಿದ. ಅಣ್ಣ ಇದ್ದಿದ್ದರೆ ಎಷ್ಟು ಹೆಮ್ಮೆಪಡುತ್ತಿದ್ದ ಎಂದ. ಹೀಗೆ ಬೆಣ್ಣೆ ಹಚ್ಚುವುದು ಸಾಕೆನಿಸಿದ ಮೇಲೆ ವಿಷಯಕ್ಕೆ ಬಂದ.

ಹೆಬ್ಬಾಗಿಲಿನ ಪಕ್ಕದಲ್ಲಿ ಅಂಗೈಯಗಲದ ಒಂದು ಕಿಂಡಿಯಿತ್ತು. ಹೊರಗೆ ತಮ್ಮನ್ನು ತಿನ್ನುವವರು ಕಾದಿದ್ದಾರೆಂಬ ಭಯಕ್ಕೆ ಬಾಗಿಲು ಮುಚ್ಚಿ ತಲೆಮಾರುಗಳಾಗಿದ್ದವು. ಹೊರಗೆ ಯಾರನ್ನಾದರೂ ಅಟ್ಟುವಾಗ ಮಾತ್ರ ತೆರೆಯುತ್ತಿದ್ದರು. ಕಿಂಡಿಯೊಂದೇ ಸದಾ ತೆರೆದಿದ್ದದ್ದು. ಸಂಜೆ ಹೊತ್ತು ಅದರಾಚೆ ಅಂಚೆಗಾಳಿ ಬಂದು ಕಾಯುತ್ತಿತ್ತು. ಕಾಗದವನ್ನು ಕಿಂಡಿಯಲ್ಲಿ ಹಿಡಿದು ಯಾರಿಗೆಂದು ಹೇಳಿದರೆ ಸಾಕು, ಕಿತ್ತುಕೊಂಡು ಹೋಗಿ ಅವರ ಕೈಗೇ ಮುಟ್ಟಿಸುತ್ತಿತ್ತು. ಆದರೆ ಎದೆಯಲ್ಲಿ ಕಾವಿಲ್ಲದವರು ಯಾರಿಗೆ ಏನು ಬರೆದಾರು? ಗಾಳಿ ಬರುತ್ತಿತ್ತು, ಕಾಯುತ್ತಿತ್ತು, ಬರಿಗೈಲಿ ಹೋಗುತ್ತಿತ್ತು.

ಆ ಕಿಂಡಿಯನ್ನು ಮುಚ್ಚುವುದೆಂದು ನಿನ್ನೆ ಸಭೆಯಲ್ಲಿ ತೀರ್ಮಾನವಾಗಿತ್ತಂತೆ. ಶೀತ ಬರುತ್ತದೆ, ಅಂಚು ಉದುರುತ್ತದೆ ಎಂಬುದು ಕಾರಣ. ಆಮೇಲೆ ಯಜಮಾನ ದನಿ ತಗ್ಗಿಸಿ ನಿಜ ಹೇಳಿದ. ಹೊರಗಿಂದ ಯಾರೋ ಹಾಡುವುದು ಕೇಳಿಸುತ್ತದೆ, ಹುಡುಗಿಯರು ಹೋಗಿ ಕಿವಿಯಿಟ್ಟು ನಿಲ್ಲುತ್ತಾರೆ, ಮೆತ್ತುವಾಗ ಅದನ್ನೇ ಗುನುಗುತ್ತಾರೆ, ಹೀಗಾದರೆ ಗೋಡೆ ಉಳಿದೀತೇ? ಇವತ್ತು ಸಂಜೆಗೇ ಮುಚ್ಚಬೇಕು. ಮತ್ತೆ ತೆರೆಯದಂತೆ ಮುಚ್ಚುವ ಕೈ ಅತ್ತಿಗೆಯದೇ.

ಗಟ್ಟಿಗೈಯಮ್ಮನ ಕಣ್ಣು ತಾನಾಗಿ ಮೂಲೆಯ ಪೆಟ್ಟಿಗೆಯ ಕಡೆ ಹೋಯಿತು. ಅದರಲ್ಲಿ ಮಗಳಿಗೆ ಬರೆದಿಟ್ಟ ಕಾಗದವಿತ್ತು. ಬರೆದು ವರ್ಷಗಳಾಗಿದ್ದವು, ಕಳಿಸಿರಲಿಲ್ಲ. ಕಿಂಡಿ ಮುಚ್ಚಿದರೆ ಅದು ಪೆಟ್ಟಿಗೆಯಲ್ಲೇ ಮಣ್ಣಾಗುತ್ತದೆ.

“ಸಭೆ ಯಾವಾಗ ಸೇರಿತ್ತು?” ಎಂದಳು. ದನಿ ಗೊರಗೊರ ಎಂದಿತು.

“ಎಂದಿನ ಹಾಗೇ ಅತ್ತಿಗೆ. ಮೆತ್ತೋದೆಲ್ಲ ಮುಗಿದ ಮೇಲೆ.”

“ಯಾವಾಗ್ಲೂ ಮುಗಿದ ಮೇಲೇ ಯಾಕಪ್ಪಾ?”

ಯಜಮಾನ ನಕ್ಕ. ತಾನು ಕೂತದ್ದು ಖಾಲಿಯಾದ ಹೆಂಗಸಿನ ಎದುರು ಎಂದೇ ಅವನು ತಿಳಿದಿದ್ದ. ಖಾಲಿಯಾದವರ ಮುಂದೆ ಯಾರು ಮಾತು ತೂಗಿ ಆಡುತ್ತಾರೆ?

“ಅದಕ್ಕೂ ಮುಂಚೆ ನಿಮ್ಮಗಳ ಹತ್ರ ಮಾತಾಡೋಕಾಗುತ್ತಾ, ಹೇಳಿ? ಹರಿದು ತಿಂದುಬಿಡ್ತೀರ. ನಮ್ಮಪ್ಪನೂ ಅದನ್ನೇ ಹೇಳ್ತಿದ್ದ. ಮೊದಲು ಗೋಡೆಗೆ ಉಗುಳ್ಕೊಂಡು ಬರಲಿ, ಆಮೇಲೆ ಕರಿ. ಆಗ ಏನು ಹೇಳಿದ್ರೂ ಆಯ್ತು ಅಂತಾರೆ.”

ಒಳಗೆ ತರಕಾರಿ ಹೆಚ್ಚುವ ಸದ್ದು ನಿಂತಿತು.

ಗಟ್ಟಿಗೈಯಮ್ಮ ಹಲ್ಲು ಕಚ್ಚಿ ಹಿಡಿದಳು. ಗುದ್ದಬೇಕೆನಿಸಿದ ಕೈಯನ್ನು ಇನ್ನೊಂದು ಕೈಯಿಂದ ಒತ್ತಿಕೊಂಡು, ಸಂಜೆ ಬರುತ್ತೇನೆ ಹೋಗು ಎಂದಳು. ಅವನು ಸಂತೋಷದಿಂದ ಎದ್ದು, ಗಂಟಲಿಗೆ ಏನಾದರೂ ಬಿಸಿ ಕುಡಿಯಿರಿ ಎಂದು ಉಪಚಾರ ಹೇಳಿ, ಬೀಗದಕೈ ಅಲುಗಿಸುತ್ತ ಹೋದ.

ಹೋದ ಮೇಲೆ ಅವಳಿಗೆ ಕೂರಲಾಗಲಿಲ್ಲ. ಅಂಗಳದಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ನಡೆದಳು. ಇಷ್ಟು ವರ್ಷ ತಣ್ಣಗೆ ಬಿದ್ದಿದ್ದ ನೆನಪಿಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಗಿತ್ತು.

ಅವಳ ಮಗಳನ್ನು ಊರೆಲ್ಲ ಬುಗುರಿ ಎಂದೇ ಕರೆಯುತ್ತಿತ್ತು. ನಿಂತಲ್ಲಿ ನಿಲ್ಲದ, ಕೂತಲ್ಲಿ ಕೂರದ ಹುಡುಗಿ. ಯಜಮಾನನ ಮನೆಯಲ್ಲಿ ಮೆತ್ತಲು ಆಳು ಸಾಲದೆಂದು ಅವನ ಹಿತ್ತಿಲಿನ ಪಾಲನ್ನು ಅವಳಿಗೆ ವಹಿಸಿದ್ದರು. ಅವಳಿಗೆ ಸಿಟ್ಟೇ ಬರುತ್ತಿರಲಿಲ್ಲ. ಉಂಡೆಗೆ ಬೈಯುವ ಬದಲು ಹಾಡು ಹೇಳುತ್ತಿದ್ದಳು. ಹಾಡಿನ ಮಣ್ಣು ನಿಂತೀತೇ ಎಂದು ಎಲ್ಲರೂ ಆಡಿಕೊಂಡರೂ ಅದು ನಿಂತಿತ್ತು, ಚೆನ್ನಾಗಿಯೇ ನಿಂತಿತ್ತು. ಅಷ್ಟರಲ್ಲಿ ಯಜಮಾನ ತನ್ನ ಬಚ್ಚಲ ನೀರು ಹೋಗಲೆಂದು ಗೋಡೆಯ ಬುಡಕ್ಕೇ ಹೊಂದಿಕೊಂಡಂತೆ ಚರಂಡಿ ತೋಡಿಸಿದ. ಬುಡ ನೆನೆಯಿತು. ಮಳೆಗಾಲದ ಒಂದು ಬೆಳಿಗ್ಗೆ ಆ ಪಾಲು ಕೂತು ಬಿದ್ದುಹೋಯಿತು.

ಚರಂಡಿ ವಿಚಾರ ಊರಿನ ಪ್ರತಿಯೊಬ್ಬ ಹೆಂಗಸಿಗೂ ಗೊತ್ತಿತ್ತು. ಎಲ್ಲರೂ ಹೇಳಿದ್ದರು. ಗೋಡೆಗೆ ಹೇಳಿ, ಕಾಲು ತೊಳೆದುಕೊಂಡು, ಮನೆಗೆ ಹೋಗಿದ್ದರು.

ಅದರ ವಿಚಾರಣೆಗೆ ಸಭೆ ಸೇರಿದ್ದೂ ಮೆತ್ತಿದ ಮೇಲೆಯೇ. ಅಂದು ಬೆಳಿಗ್ಗೆ ಗಟ್ಟಿಗೈಯಮ್ಮ ಮಗಳ ಪರವಾಗಿ ಆಡಬೇಕಾದ ಮಾತನ್ನೆಲ್ಲ ಒಂದೂ ಉಳಿಯದಂತೆ ಮಣ್ಣಿಗೆ ಕೂಗಿದ್ದಳು. ಯಜಮಾನ, ಹಾಡಿದ ಹುಡುಗಿಯನ್ನು ಹೊರಗೆ ಕಳಿಸುವುದೇ ಸರಿ ಎಂದು ಹೇಳಿ, ಅತ್ತಿಗೆ ಏನಾದರೂ ಹೇಳುವುದಿದೆಯೇ ಎಂದು ಎಲ್ಲರೆದುರು ವಿನಯವಾಗಿ ಕೇಳಿದ್ದ. ದೊಡ್ಡವರು ಹೇಳಿದ ಹಾಗೆ ಎಂದಿದ್ದಳು ಗಟ್ಟಿಗೈಯಮ್ಮ. ಬುಗುರಿ ತಾಯಿಯ ಮುಖವನ್ನೇ ನೋಡುತ್ತ ಹೆಬ್ಬಾಗಿಲು ದಾಟಿದ್ದಳು.

ಅವಳಿಂದ ಬಂದದ್ದು ಒಂದೇ ಕಾಗದ. ಇಲ್ಲಿ ಹುಲ್ಲಿದೆ, ಜನ ಇದ್ದಾರೆ, ನಮ್ಮನ್ನು ತಿನ್ನಲು ಯಾರೂ ಕಾದು ಕೂತಿಲ್ಲ ಎಂದು ಬರೆದು, ಕೊನೆಗೆ ಒಂದು ಮಾತು ಕೇಳಿದ್ದಳು: ನನ್ನ ಕೈಯಿಂದಲೇ ಗೋಡೆ ಬಿತ್ತು ಅಂತ ನೀನೂ ನಂಬಿದ್ದೀಯಾ ಅಮ್ಮ?

ಅದಕ್ಕೆ ಬರೆದ ಉತ್ತರ ಪೆಟ್ಟಿಗೆಯಲ್ಲಿತ್ತು. ಪ್ರತಿ ಬೆಳಿಗ್ಗೆ ಎದ್ದಾಗ, ಇವತ್ತು ಕಳಿಸಲೇಬೇಕೆಂದು ಜೀವ ಹಾರುತ್ತಿತ್ತು. ಗೋಡೆಗೆ ಹೋಗಿ, ಕಾಗದ ಇನ್ನೂ ಕಳಿಸಿಲ್ಲ ಎಂದು ಉಂಡೆಗೆ ಕೂಗಿ ಬಡಿದು ಬಂದರೆ ಮುಗಿಯಿತು. ಸಂಜೆ ಹೊತ್ತಿಗೆ, ನಾಳೆ ಆದೀತು ಬಿಡು.

ಈಗ ಪೆಟ್ಟಿಗೆ ತೆಗೆದು, ಕಾಗದ ಬಿಚ್ಚಿ, ಒಡಕು ದನಿಯಲ್ಲಿ ಓದಿಕೊಂಡಳು. ನಾವೆಲ್ಲ ಕ್ಷೇಮ. ಮನೆಗೆ ಹೊಸ ಹಂಚು ಹಾಕಿಸಿದೆವು. ಆದದ್ದು ಆಯಿತು. ನೀನು ಆರೋಗ್ಯ ನೋಡಿಕೋ.

ಹಿಂದೆ ನಿಂತು ಕೇಳಿಸಿಕೊಂಡ ಸೊಸೆ, “ಇದು ಮಗಳಿಗೆ ಬರೆದ ಕಾಗದಾನಾ ಅತ್ತೆ, ಇಲ್ಲ ಹಂಚಿನವನಿಗಾ?” ಎಂದಳು.

ಬೇರೆ ದಿನವಾಗಿದ್ದರೆ ಗಟ್ಟಿಗೈಯಮ್ಮ ಅದಕ್ಕೂ ಹೂಂ ಎನ್ನುತ್ತಿದ್ದಳೇನೋ. ಇವತ್ತು ಕಾಗದವನ್ನು ತಿರುಗಿಸಿ ನೆಲಕ್ಕೆ ಹಾಸಿ, ಸೊಸೆಯಿಂದ ಲೇಖನಿ ತರಿಸಿ, ಹಿಂಬದಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಳು. ಒತ್ತಿ ಬರೆದದ್ದಕ್ಕೆ ಕಾಗದ ಒಂದೆರಡು ಕಡೆ ಹರಿಯಿತು.

ಬುಗುರೀ, ನಾನು ನಂಬಲಿಲ್ಲ. ಅವತ್ತೂ ನಂಬಲಿಲ್ಲ. ಚರಂಡಿ ತೋಡಿಸಿದವನು ನಿನ್ನ ಚಿಕ್ಕಪ್ಪ. ನಮ್ಮ ಬಾಯಿ ಖಾಲಿಯಾದ ಮೇಲೆ ಸಭೆ ಕರೆಯುತ್ತಾನೆ, ಅದು ಇವತ್ತು ತಿಳಿಯಿತು. ನನಗೆ ತುಂಬಾ ಸಿಟ್ಟು ಬಂದಿದೆ. ಇದು ನಿನ್ನ ಕೈ ಸೇರುವಾಗಲೂ ಇರುತ್ತದೆ, ಯಾರಿಗೂ ಕೊಡುವುದಿಲ್ಲ. ಬಾಗಿಲ ಹತ್ತಿರ ಬಾ.

ಬಿಸಿಲು ಇಳಿದ ಮೇಲೆ ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟಳು. ಸೊಸೆಯೂ ಹಿಂದೆಯೇ ಬಂದಳು, ಕರೆಯದೆ. ಹೆಬ್ಬಾಗಿಲಿಗೆ ನೇರ ದಾರಿಯಿತ್ತು. ಗಟ್ಟಿಗೈಯಮ್ಮ ಯಜಮಾನನ ಹಿತ್ತಿಲಿನ ಸಂದಿ ಹಿಡಿದಳು. ಚರಂಡಿಯನ್ನು ಮತ್ತೊಮ್ಮೆ ಕಣ್ಣಾರೆ ನೋಡಬೇಕಿತ್ತು ಅವಳಿಗೆ.

ಚರಂಡಿ ಅಲ್ಲೇ ಇತ್ತು. ಹೊಸದಾಗಿ ಕಟ್ಟಿದ ಪಾಲಿನ ಬುಡದಲ್ಲೂ ಹಸಿರು ಪಾಚಿ ಕಟ್ಟಿತ್ತು. ಪಕ್ಕದಲ್ಲಿ ಅವಳ ಓರಗಿತ್ತಿ, ಅಂದರೆ ಯಜಮಾನನ ಹೆಂಡತಿ, ಒಂದು ಅಗಲವಾದ ಚಪ್ಪಡಿಯ ಮೇಲೆ ಬಟ್ಟೆ ಬಡಿಯುತ್ತಿದ್ದಳು. ಬನ್ನಿ ಅಕ್ಕಾ ಎಂದು ಪಕ್ಕಕ್ಕೆ ಸರಿದು, ಎಂಥ ಒಗೆಯೋ ಕಲ್ಲು ನೋಡಿ, ಎಷ್ಟು ಬಡಿದರೂ ಸವೆಯುವುದಿಲ್ಲ ಎಂದಳು.

ಗಟ್ಟಿಗೈಯಮ್ಮ ಬಗ್ಗಿ ನೊರೆ ಒರೆಸಿದಳು. ಕಲ್ಲಲ್ಲ ಅದು. ಈ ಊರಿನಲ್ಲಿ ಕಲ್ಲು ಎಲ್ಲಿಂದ ಬರಬೇಕು? ಒಂದು ಮೂಲೆಯಲ್ಲಿ ಕಿರುಬೆರಳಿನಿಂದ ಎಳೆದ ಸುಳಿಯ ಗುರುತಿತ್ತು. ಮೆತ್ತಿ ಮುಗಿಸಿದ ಮೇಲೆ ಮಣ್ಣು ಹಸಿಯಿರುವಾಗ ಅಂಥ ಸುಳಿ ಎಳೆಯುತ್ತಿದ್ದವಳು ಊರಿಗೆಲ್ಲ ಒಬ್ಬಳೇ, ಬುಗುರಿ. ಬುಡ ಕುಸಿದು ಗೋಡೆ ಬಿದ್ದಾಗ ಅವಳು ಮೆತ್ತಿದ್ದು ಒಂದು ಚೂರೂ ಒಡೆಯದೆ ಇಡಿಯಾಗಿ ಮಲಗಿತ್ತು. ಅದನ್ನೇ ಎಳೆದು ತಂದು ಒಗೆಯುವ ಕಲ್ಲು ಮಾಡಿಕೊಂಡಿದ್ದರು. ಹುಡುಗಿಯನ್ನು ಹೊರಗಟ್ಟಿದರು, ಅವಳ ಕೈಕೆಲಸದ ಮೇಲೆ ದಿನವೂ ತಮ್ಮ ಕೊಳೆ ಬಡಿದರು. ಗಟ್ಟಿಗೈಯಮ್ಮ ಈ ಹಿತ್ತಿಲಿಗೆ ಎಷ್ಟು ಸಲ ಬಂದಿರಲಿಲ್ಲ? ಇದೇ ಚಪ್ಪಡಿಯ ಮೇಲೆ ಕೂತು ಕಾಲು ಚಾಚಿ ಹರಟೆ ಹೊಡೆದಿದ್ದಳು.

“ಇದು ನಿಂಗೆ ಗೊತ್ತಿತ್ತೇನೇ?” ಎಂದಳು.

ಓರಗಿತ್ತಿ ಸುಳಿಯನ್ನು ನೋಡಿದಳು. ಒದ್ದೆ ಬಟ್ಟೆ ಅವಳ ಕೈಯಿಂದ ನೀರಿಗೆ ಜಾರಿತು. “ಗೊತ್ತಿತ್ತು ಅಕ್ಕಾ. ಮೊದಮೊದಲು ದಿನಾ ಗೋಡೆಗೆ ಹೇಳ್ತಿದ್ದೆ. ಆಮೇಲೆ ಹೇಳೋದಕ್ಕೂ ಏನೂ ಉಳೀಲಿಲ್ಲ.”

ಹೆಬ್ಬಾಗಿಲಿನ ಮುಂದೆ ಊರು ನೆರೆದಿತ್ತು. ಕಿಂಡಿಯ ಕೆಳಗೆ ಹದವಾಗಿ ಕಲಸಿದ ಮಣ್ಣಿನ ಬುಟ್ಟಿ, ಪಕ್ಕದಲ್ಲಿ ಯಜಮಾನ. ಗಟ್ಟಿಗೈಯಮ್ಮ ಜನರನ್ನು ಸರಿಸಿಕೊಂಡು ಬಂದಾಗ ಅವನೇ ದೊಡ್ಡದೊಂದು ಉಂಡೆ ಮಾಡಿ ಅವಳ ಕೈಗಿಟ್ಟ. ಒಳ್ಳೆಯ ಬಿಸಿ ಬಿಸಿ ಸಂಗತಿ ನೋಡಿ ಹೇಳಿ ಅತ್ತಿಗೆ, ಜನ್ಮದಲ್ಲಿ ತೆರೆಯಬಾರದು ಎಂದು ನಗೆಯಾಡಿದ. ಕೆಲವರು ನಕ್ಕರು.

ಅವಳು ಉಂಡೆಯನ್ನು ಬಾಯಿಯ ಹತ್ತಿರ ತರಲಿಲ್ಲ. ಗೋಡೆಗೆ ಬೆನ್ನು ಮಾಡಿ ಜನರ ಕಡೆ ತಿರುಗಿದಳು. ಗೋಡೆಗೆ ಬೆನ್ನು ಮಾಡಿ ಮಾತಾಡಿದವರನ್ನು ಆ ಊರು ಕಂಡಿರಲಿಲ್ಲ.

“ಅವನ ಚರಂಡಿಯಿಂದ ಗೋಡೆ ಬಿತ್ತು,” ಎಂದಳು.

ದನಿ ಎಷ್ಟು ಸಣ್ಣದಿತ್ತೆಂದರೆ ಹಿಂದಿನವರಿಗೆ ಕೇಳಿಸಲಿಲ್ಲ. ಅವರು ಮುಂದೆ ಬಂದರು. ಮುಂದಿದ್ದವರು ಬಗ್ಗಿದರು. ಕೂಗಿದ್ದರೆ ಅಭ್ಯಾಸದಂತೆ ಎಲ್ಲರೂ ಕಿವಿ ಮುಚ್ಚಿಕೊಳ್ಳುತ್ತಿದ್ದರು. ಕಟ್ಟಿದ ಗಂಟಲಿನ ಗೊರಗೊರ ಮಾತಿಗೆ ಊರಿಗೆ ಊರೇ ಕಿವಿಗೊಟ್ಟಿತು. ಅವಳು ಚರಂಡಿ ಹೇಳಿದಳು, ಚಪ್ಪಡಿ ಹೇಳಿದಳು, ಬೆಳಿಗ್ಗೆ ಜಗಲಿಯ ಮೇಲೆ ಕೂತು ಯಜಮಾನ ಆಡಿದ ಮಾತನ್ನು ಅವನದೇ ಧಾಟಿಯಲ್ಲಿ ಹೇಳಿದಳು. ಮೊದಲು ಗೋಡೆಗೆ ಉಗುಳಿಕೊಂಡು ಬರಲಿ, ಆಮೇಲೆ ಕರಿ.

ಯಜಮಾನ ಅತ್ತ ಇತ್ತ ನೋಡಿದ. “ಅತ್ತಿಗೆ, ಇದನ್ನೆಲ್ಲ ಉಂಡೆಗೆ ಹೇಳಿ. ಜನಕ್ಕಲ್ಲ.”

“ಉಂಡೆಗೆ ಹೇಳಿ ಹೇಳೀನೇ ನಿನ್ನಂಥವನನ್ನ ಕೊಬ್ಬಿಸಿದ್ವಿ.”

ದರ್ಜಿ ಹೆಂಗಸು ತಲೆಯ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ಬೆಳಿಗ್ಗೆ ಖಾಲಿಯಾಗಿ ಬಂದವಳ ಮುಖಕ್ಕೆ ಎಲ್ಲಿಂದಲೋ ರಕ್ತ ಏರುತ್ತಿತ್ತು. “ಚರಂಡಿ ನಾನೂ ನೋಡಿದ್ದೆ ಕಣಕ್ಕಾ,” ಎಂದಳು. “ಗೋಡೆಗೆ ಹೇಳಿದ್ದೆ. ಬುಗುರಿ ಹೋಗೋ ದಿನ ಸುಮ್ನೆ ನಿಂತಿದ್ದೆ.” ಅವಳ ಹಿಂದೆ ಇನ್ನೊಬ್ಬಳು ತಾನೂ ಎಂದಳು. ಕುಂಬಾರನ ಹೆಂಡತಿ ತನ್ನ ಗಂಡನ ಕಡೆ ತಿರುಗಿ ಬೇರೇನೋ ಹಳೆಯದನ್ನು ತೆಗೆದಳು. ಓರಗಿತ್ತಿ ಒದ್ದೆ ಕೈಯಲ್ಲೇ ಬಂದು ಸೊಸೆಯ ಪಕ್ಕ ನಿಂತಿದ್ದಳು, ಗಂಡನನ್ನೇ ದಿಟ್ಟಿಸುತ್ತ. ಯಜಮಾನ ಬೀಗದಕೈ ಸದ್ದಾಗದಂತೆ ಸೊಂಟಕ್ಕೆ ಒತ್ತಿ ಹಿಡಿದುಕೊಂಡ.

ಕಿಂಡಿಯಾಚೆ ಹುಲ್ಲು ಸರಸರ ಎಂದಿತು. ಅಂಚೆಗಾಳಿ ಬಂದಿತ್ತು.

ಗಟ್ಟಿಗೈಯಮ್ಮ ಉಂಡೆಯನ್ನು ಬುಟ್ಟಿಗೆ ಬಿಸಾಡಿದಳು. ಸೊಂಟದಿಂದ ಕಾಗದ ತೆಗೆದು, ಮಣ್ಣಾಗಿದ್ದ ಕಿರುಬೆರಳಿನಿಂದ ಅದರ ಮೂಲೆಯಲ್ಲಿ ಒಂದು ಸುಳಿ ಎಳೆದಳು. ಯಜಮಾನ ಕೈ ಅಡ್ಡ ಹಿಡಿಯಲು ಬಂದ. ಸೊಸೆ ಅವನ ಮುಂದೆ ನಿಂತಳು, ದರ್ಜಿಯೂ ನಿಂತಳು.

ಕಾಗದ ಹಿಡಿದ ಕೈಯನ್ನು ಮೊಣಕೈವರೆಗೂ ಕಿಂಡಿಯೊಳಕ್ಕೆ ತೂರಿಸಿದಳು. ಆಚೆಯಿಂದ ತಣ್ಣನೆಯದೊಂದು ಬಂದು ಬೆರಳುಗಳನ್ನು ಮೂಸಿ ನೋಡಿತು. ಯಾರಿಗೆಂದು ಅದು ಕಾಯುತ್ತಿತ್ತು.

“ನನ್ನ ಮಗಳಿಗೆ,” ಎಂದಳು. ಕಟ್ಟಿದ್ದ ಗಂಟಲು ಪೂರಾ ಬಿಟ್ಟಿತ್ತು. ಆ ಮಾತು ಊರಿಗೆಲ್ಲ ಕೇಳಿಸಿತು.

ಗಾಳಿ ಒಮ್ಮೆ ಜಗ್ಗಿತು. ಅವಳು ಬೆರಳು ಸಡಿಲಿಸಿದಳು. ಕಾಗದ ಕಿಂಡಿಯ ಮಣ್ಣಿಗೆ ಪರಕ್ಕೆಂದು ಅಂಚು ಸವರಿಕೊಂಡು ಹೊರಟುಹೋಯಿತು.